ಲಿಥಿಯಂ ಮಾತ್ರೆ ಹಳ್ಳಿಗೆ ಬಂದಿದೆ, ರಕ್ತ ಪರೀಕ್ಷೆಯೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಮಾರ್ಚ್ 30ರ ವಿಶ್ವ ಬೈಪೋಲಾರ್ ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಮನಸ್ಸು ಒಮ್ಮೆ ಅತಿ ಹುರುಪಿಗೆ (ಉನ್ಮಾದ), ಒಮ್ಮೆ ಖಿನ್ನತೆಗೆ ಹೊರಳುವ ಈ ಕಾಯಿಲೆಯ ಲಕ್ಷಣಗಳನ್ನು ಚೆನ್ನಾಗಿ ಬರೆದಿದ್ದರು. ಚಿಕಿತ್ಸೆಯ ವಿಷಯ ಬಂದಾಗ ಮಾತ್ರ ‘ಸೂಕ್ತ ಔಷಧಿಯಿಂದ ಹತೋಟಿಗೆ ತರಬಹುದು’ ಅಂತ ಒಂದೇ ಸಾಲು. ಆ ಸಾಲಿನ ಹಿಂದೆ ಕೆಲವರು ಇಡೀ ಜೀವಮಾನ ದುಡಿದಿದ್ದಾರೆ. ನಮ್ಮ ಗದಗ ಜಿಲ್ಲೆಯ ಹಳ್ಳಿಗಳಿಗೆ ಅವರ ದುಡಿಮೆಯ ಅರ್ಧ ಫಲ ಮಾತ್ರ ಬಂದು ಮುಟ್ಟಿದೆ. ಉಳಿದರ್ಧದ ಬಗ್ಗೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ಬೆಟಗೇರಿಯವಳು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನನ್ನ ತಮ್ಮ ರೋಣ ತಾಲೂಕಿನ ನಮ್ಮೂರಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನಿಗೆ ಬೈಪೋಲಾರ್ ಇದೆ. ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾನೆ. ಪತ್ರಿಕೆಗೆ ಬರೆಯಲಾ ಅಂತ ಅವನನ್ನೇ ಕೇಳಿದೆ. ‘ಹೆಸರೊಂದ್ ಹಾಕಬ್ಯಾಡ ಅಕ್ಕಾ, ಉಳದಿದ್ದೆಲ್ಲಾ ಬರಿ’ ಅಂದ.

ಅವನಿಗೆ ಮೊದಲು ಬಂದದ್ದು ಖಿನ್ನತೆ. ಹಿಂಗಾರಿ ಕಡಲೆ ಕೊಯ್ಲಿಗೆ ನಿಂತಿತ್ತು, ಇವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಬಿಸಿ ರೊಟ್ಟಿ ಮುಂದಿಟ್ಟರೂ ಮುಟ್ಟುತ್ತಿರಲಿಲ್ಲ. ತೋರಿಸಿದ ಕಡೆ ಡಿಪ್ರೆಶನ್ ಅಂದರು, ಮಾತ್ರೆ ಕೊಟ್ಟರು. ಅವರನ್ನು ದೂರುವುದಿಲ್ಲ. ಮೊದಲ ಸಲ ಖಿನ್ನತೆಯಾಗಿ ಬಂದಾಗ ಅದು ಬೈಪೋಲಾರ್ ಅಂತ ಗುರುತಿಸುವುದು ಬಹಳ ಕಷ್ಟ. ಆದರೆ ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರ ಮನಸ್ಸು ತಟ್ಟನೆ ಇನ್ನೊಂದು ತುದಿಗೆ ಹಾರುತ್ತದೆ. ನಮ್ಮವನದ್ದೂ ಹಾಗೇ ಆಯಿತು. ಮುಂಗಾರಿಗೆ ಎದ್ದು ಕುಳಿತ. ರಾತ್ರಿ ಎರಡು ತಾಸು ಮಲಗಿದರೆ ಜಾಸ್ತಿ. ಮಾತು ನಿಲ್ಲುತ್ತಿರಲಿಲ್ಲ. ಬೋರ್ ಕೊರೆಯುವ ಗಾಡಿಯವರಿಗೆ ಮುಂಗಡ ಕೊಟ್ಟ, ಸಾಲ ತಂದು ಟ್ರ್ಯಾಕ್ಟರ್‌ಗೂ ಮುಂಗಡ ಕೊಟ್ಟ. ಇಡೀ ಊರಿಗೆ ನೀರು ಕೊಡುತ್ತೇನೆ ಅಂತ ಹೊರಟ. ಊರವರು ಮೊದಲು ‘ಭಾಳ ಹುರುಪಿನ್ಯಾಗ ಅದಾನ’ ಅಂದರು. ಆಮೇಲೆ ‘ಗಾಳಿ ಬಡದೈತಿ’ ಅಂದರು. ಕೊನೆಗೆ ಧಾರವಾಡದ ಮನೋವೈದ್ಯರೊಬ್ಬರು ಹಿಂದಿನದು ಮುಂದಿನದು ಎಲ್ಲ ಕೇಳಿ, ಎರಡೂ ಒಂದೇ ಕಾಯಿಲೆಯ ಎರಡು ತುದಿ ಅಂತ ಹೇಳಿದರು. ಲಿಥಿಯಂ ಬರೆದರು.

ಮಾತ್ರೆಯ ಚೀಟಿಯ ಹಿಂದೆ ‘ಲಿಥಿಯಂ ಕಾರ್ಬೊನೇಟ್ 300 ಮಿಲಿಗ್ರಾಂ’ ಅಂತ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಹೈಡ್ರೋಜನ್, ಹೀಲಿಯಂ ಆದಮೇಲೆ ಬರುವ ಮೂರನೆಯ ಧಾತು. ಲೋಹಗಳಲ್ಲೆಲ್ಲ ಹಗುರವಾದದ್ದು. ವರ್ಷವಿಡೀ ಮಕ್ಕಳಿಗೆ ಹೇಳಿಕೊಟ್ಟ ಈ ಸಾದಾ ಉಪ್ಪು ನನ್ನ ತಮ್ಮನ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ ಅಂದರೆ ಹೇಗೆ? ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಜಾನ್ ಕೇಡ್. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದ ಚಾಂಗಿ ಸೆರೆಶಿಬಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜಪಾನೀಯರ ಸೆರೆಯಲ್ಲಿದ್ದ ವೈದ್ಯರು. ಊರಿಗೆ ಮರಳಿದ ಮೇಲೆ ಮೆಲ್ಬರ್ನ್ ಹತ್ತಿರದ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ದೊಡ್ಡ ಸಲಕರಣೆ ಏನೂ ಇಲ್ಲದೆ, ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಆ ಪ್ರಯೋಗಕ್ಕೆ ಬೇಕಿದ್ದ, ಮೂತ್ರದಲ್ಲಿರುವ ಯೂರಿಕ್ ಆಮ್ಲ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಲಿಥಿಯಂ ಜೊತೆ ಸೇರಿದರೆ ಕರಗುತ್ತದೆ. ಅದಕ್ಕೆಂದೇ ಲಿಥಿಯಂ ಬಳಸಿದರು. ಚುಚ್ಚಿದ ಇಲಿಗಳು ತಣ್ಣಗೆ ಮಲಗಿಬಿಟ್ಟವು. ತಾವೇ ಮೊದಲು ಸೇವಿಸಿ ನೋಡಿದರು. ಆಮೇಲೆ 1948ರಲ್ಲಿ ರೋಗಿಗಳಿಗೆ ಕೊಟ್ಟರು. 1949ರ ಸೆಪ್ಟೆಂಬರ್ 3ರಂದು ಅವರ ಬರಹ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಉನ್ಮಾದ ಇದ್ದ 10 ಜನರ ವಿವರ ಅದರಲ್ಲಿದೆ.

ಆ 10 ಜನರಲ್ಲಿ ಮೊದಲನೆಯವನ ವಿಷಯ ಕೇಳಿ. 51 ವರ್ಷದವನು. 5 ವರ್ಷದಿಂದ ಒಂದೇ ಸಮನೆ ಉನ್ಮಾದದಲ್ಲೇ ಇದ್ದವನು. ಲಿಥಿಯಂ ಕೊಟ್ಟ ಕೆಲವೇ ತಿಂಗಳಲ್ಲಿ ಮನೆಗೆ ಹೋದ, ಕೆಲಸಕ್ಕೂ ಹೋದ. ಆಮೇಲೆ ಮಾತ್ರೆ ಬಿಟ್ಟ, ಕಾಯಿಲೆ ಮರಳಿತು, ಮತ್ತೆ ಲಿಥಿಯಂ ಶುರು ಮಾಡಿದರು. 1950ರಲ್ಲಿ ಅದೇ ಲಿಥಿಯಂ ರಕ್ತದಲ್ಲಿ ವಿಷವಾಗಿ ಆತ ತೀರಿಕೊಂಡ. ಅವನಿಗೆ ಎಷ್ಟು ಕೊಡಬೇಕು, ರಕ್ತದಲ್ಲಿ ಎಷ್ಟು ಇರಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಅದೇ 1949ರಲ್ಲಿ ಹೃದಯ ರೋಗಿಗಳು ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಬಳಸಿ ಸತ್ತಿದ್ದರು. ಇಂಥ ಸಾವುಗಳಿಂದಾಗಿ ಈ ಔಷಧದ ಹೆಸರೆತ್ತಿದರೇ ವೈದ್ಯರು ಹೆದರುವಂತಾಯಿತು.

ಅದನ್ನು ಉಳಿಸಿದ್ದು ಅಳತೆ. ಮೆಲ್ಬರ್ನ್‌ನಲ್ಲೇ ಟ್ರೌಟ್ನರ್ ಎಂಬ ಸಂಶೋಧಕರು ರೋಗಿಗಳ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆಯುತ್ತ ಹೋದರು. 1951ರಲ್ಲಿ ಅವರೂ ನೋವಾಕ್ ಎಂಬ ವೈದ್ಯರೂ ಸೇರಿ 100ಕ್ಕೂ ಹೆಚ್ಚು ರೋಗಿಗಳ ವಿವರ ಪ್ರಕಟಿಸಿದರು. ಅಳೆಯಲು ಬಳಸಿದ್ದು ಫ್ಲೇಮ್ ಫೋಟೋಮೀಟರ್. ಲ್ಯಾಬಿನಲ್ಲಿ ನಾವು ಉಪ್ಪನ್ನು ತಂತಿಯ ತುದಿಗೆ ಹಚ್ಚಿ ಬೆಂಕಿಗೆ ಹಿಡಿಯುತ್ತೇವೆ ಅಲ್ವಾ, ಸೋಡಿಯಂ ಇದ್ದರೆ ಹಳದಿ, ಲಿಥಿಯಂ ಇದ್ದರೆ ಕಡುಗೆಂಪು. ಆ ಬಣ್ಣದ ಬೆಳಕು ಎಷ್ಟು ಗಾಢ ಇದೆ ಅಂತ ಅಳೆಯುವ ಯಂತ್ರ ಅದು, ಅಷ್ಟೇ. ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಸಾಲ್ಟ್ ಅನಾಲಿಸಿಸ್ ಬರೀ ಪರೀಕ್ಷೆಯ ಅಂಕಕ್ಕೆ ಅಂತ ತಿಳಿದಿದ್ದಾರೆ.

ಇನ್ನೊಬ್ಬರು ಡೆನ್ಮಾರ್ಕಿನ ಮೋಗೆನ್ಸ್ ಶೌ. ನಿಮ್ಮ ಓದುಗರಿಗೆ ಇವರ ಹೆಸರು ತಿಳಿಯಲೇಬೇಕು. ಅವರ ತಂದೆಯೂ ಮನೋವೈದ್ಯರು. ಮನೆಯಲ್ಲೇ ಖಿನ್ನತೆ ಇತ್ತು. ಒಡಹುಟ್ಟಿದವನೊಬ್ಬನಿಗೆ ಹರೆಯದಿಂದಲೇ ಅದು ಮತ್ತೆ ಮತ್ತೆ ಬರುತ್ತಿತ್ತು. ಕೇಡ್ ಅವರ ಬರಹ ಓದಿದ ಶೌ, ಆರ್ಹುಸ್ ಊರಿನ ಆಸ್ಪತ್ರೆಯಲ್ಲಿ ಲಿಥಿಯಂ ಮತ್ತು ಔಷಧವೇ ಇಲ್ಲದ ಖಾಲಿ ಮಾತ್ರೆ ಎರಡನ್ನೂ ಹೋಲಿಸಿ ನೋಡಿದರು. ಅದು 1954ರಲ್ಲಿ ಪ್ರಕಟವಾಯಿತು. ಉನ್ಮಾದ ಇಳಿಯುತ್ತದೆ ಅಂತ ಗೊತ್ತಾಯಿತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಚೆನ್ನಾಗಿರುವಾಗಲೂ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಸಲ ಬರುವುದನ್ನೇ ತಡೆಯಬಹುದಾ? ಈ ಪ್ರಶ್ನೆಯನ್ನು ಬಾಸ್ಟ್ರುಪ್ ಎಂಬ ವೈದ್ಯರ ಜೊತೆ ಸೇರಿ ಹಿಡಿದು ಕುಳಿತರು. 88 ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ನೋಡಿ 1967ರಲ್ಲಿ ಬರೆದರು. ಹೌದು, ತಡೆಯಬಹುದು. ಉನ್ಮಾದ, ಖಿನ್ನತೆ ಎರಡನ್ನೂ.

ಲಂಡನ್ನಿನ ದೊಡ್ಡ ವೈದ್ಯರು ಒಪ್ಪಲಿಲ್ಲ. ಇದು ಇನ್ನೊಂದು ಕಟ್ಟುಕಥೆ ಅನ್ನುವಂತೆ ಬರೆದರು. ಮನೆಯವರಿಗೇ ಲಿಥಿಯಂ ಕೊಟ್ಟ ಶೌ ವಿಜ್ಞಾನಿಯಲ್ಲ, ಭಕ್ತ ಅನ್ನುವ ಮಾತೂ ಬಂತು. ನನಗೆ ಈ ಮಾತು ಓದಿ ಬಹಳ ಬೇಜಾರಾಯಿತು. ಒಡಹುಟ್ಟಿದವನು ಕಣ್ಣೆದುರು ಒದ್ದಾಡುವುದನ್ನು ಕಂಡವನಿಗೆ ಔಷಧ ನಿಜಕ್ಕೂ ಕೆಲಸ ಮಾಡುತ್ತದೆಯೇ ಅಂತ ತಿಳಿಯುವ ತುರ್ತು ಬೇರೆಯವರಿಗಿಂತ ಹೆಚ್ಚೇ ಇರುತ್ತದೆ. ಸುಳ್ಳು ಭರವಸೆ ಅವನಿಗೆ ಬೇಡ. ಶೌ ಜಗಳ ಮಾಡಲಿಲ್ಲ, ಇನ್ನೂ ಬಿಗಿಯಾದ ಪ್ರಯೋಗ ಮಾಡಿದರು. ಲಿಥಿಯಂ ತೆಗೆದುಕೊಂಡು ಚೆನ್ನಾಗಿದ್ದ 84 ಜನರಲ್ಲಿ ಕೆಲವರಿಗೆ ಅದನ್ನೇ ಮುಂದುವರಿಸಿದರು, ಉಳಿದವರಿಗೆ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. 5 ತಿಂಗಳಲ್ಲಿ ಖಾಲಿ ಮಾತ್ರೆಯವರಲ್ಲಿ 21 ಜನರಿಗೆ ಕಾಯಿಲೆ ಮರಳಿತು. ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ ಒಬ್ಬರಿಗೂ ಮರಳಲಿಲ್ಲ. 1970ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕ ಸರಕಾರವೂ ಉನ್ಮಾದಕ್ಕೆ ಲಿಥಿಯಂ ಬಳಸಲು ಒಪ್ಪಿಗೆ ಕೊಟ್ಟಿತು. ಶೌ 2005ರಲ್ಲಿ ತೀರಿಕೊಂಡರು. ಅವರ ಆ ಸೋದರ ಲಿಥಿಯಂನಿಂದ ಚೇತರಿಸಿಕೊಂಡಿದ್ದರು.

ಈಗ ನಮ್ಮೂರಿಗೆ ಬರೋಣ.

ಲಿಥಿಯಂ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ವರ್ಷಾನುಗಟ್ಟಲೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕು. ರಿಪೋರ್ಟಿನಲ್ಲಿ ಲೀಟರಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಅಂತ ಬರುತ್ತದೆ. 1.5 ದಾಟಿದರೆ ಅಪಾಯ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ರಕ್ತ ನೋಡಬೇಕು. ಜೊತೆಗೆ ಕಿಡ್ನಿ, ಥೈರಾಯ್ಡ್ ಕೂಡ. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಈಗ ಎಲ್ಲ ಕಡೆ ಆಗುತ್ತದೆ. ಲಿಥಿಯಂ ಪರೀಕ್ಷೆ ಮಾತ್ರ ನಾವು ತಾಲೂಕಿನಲ್ಲಿ ಕೇಳಿದ ಲ್ಯಾಬುಗಳಲ್ಲಿ ಆಗಲಿಲ್ಲ. ಒಂದು ಕಡೆ ‘ಮೇಡಂ, ಹುಬ್ಬಳ್ಳಿಗೆ ಹೋಗ್ರಿ’ ಅಂದರು. ಇನ್ನೊಂದು ಕಡೆ ರಕ್ತ ತೆಗೆದು ದೂರದ ಊರಿಗೆ ಕಳಿಸುತ್ತೇವೆ ಅಂದರು. ಮಾತ್ರೆ ಬಹಳ ಅಗ್ಗ. ಪರೀಕ್ಷೆಗೆ ಮತ್ತು ಬಸ್ಸಿಗೆ ಆಗುವ ಖರ್ಚು ಮಾತ್ರೆಗಿಂತ ಎಷ್ಟೋ ಪಾಲು ಜಾಸ್ತಿ. ದಿನದ ಕೂಲಿಯೂ ಹೋಗುತ್ತದೆ.

ಆ ರಕ್ತ ತೆಗೆಯುವುದರಲ್ಲೂ ಕ್ರಮ ಇದೆ. ರಾತ್ರಿ ಮಾತ್ರೆ ತೆಗೆದುಕೊಂಡು 12 ತಾಸು ಆದಮೇಲೆ, ಬೆಳಗಿನ ಮಾತ್ರೆ ನುಂಗುವ ಮೊದಲು ತೆಗೆಯಬೇಕು. ಇಲ್ಲದಿದ್ದರೆ ಸಂಖ್ಯೆಗೆ ಅರ್ಥವೇ ಇಲ್ಲ. ಊರಿನ ಮೊದಲ ಬಸ್ಸು ಹಿಡಿದು ಹುಬ್ಬಳ್ಳಿ ಮುಟ್ಟಿ ಸರದಿಯಲ್ಲಿ ನಿಲ್ಲುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇನ್ನೂ ಒಂದು ವಿಷಯ. ಹಸಿರು ಮುಚ್ಚಳದ ಕೆಲವು ರಕ್ತದ ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ತೆಗೆದ ರಕ್ತದಲ್ಲಿ ಟ್ಯೂಬಿನ ಲಿಥಿಯಂ ಕೂಡ ಸೇರಿಬಿಡುತ್ತದೆ. ಒಮ್ಮೆ ಒಂದು ಲ್ಯಾಬಿನಲ್ಲಿ ತಮ್ಮನ ರಿಪೋರ್ಟು ಹೆದರಿಸುವಷ್ಟು ಮೇಲೆ ಬಂತು. ಅವನು ನೋಡಿದರೆ ಆರಾಮಾಗಿ ಕುಳಿತು ಶೇಂಗಾ ಸುಲಿಯುತ್ತಿದ್ದ. ಯಾವ ಟ್ಯೂಬಿನಲ್ಲಿ ತೆಗೆದಿರಿ ಅಂತ ಕೇಳಿದೆ. ಹಸಿರು ಅಂದರು. ಸಾದಾ ಟ್ಯೂಬಿನಲ್ಲಿ ಮತ್ತೆ ತೆಗೆಸಿದೆವು, ಸರಿಯಾಗಿಯೇ ಇತ್ತು. ಆ ತಪ್ಪು ರಿಪೋರ್ಟು ನೋಡಿ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟಿದ್ದರೆ? ಲ್ಯಾಬ್ ನಡೆಸುವ ಎಲ್ಲರೂ ಇದನ್ನು ದಯವಿಟ್ಟು ಗಮನಿಸಬೇಕು.

ನಿಜವಾದ ಗಂಡಾಂತರವನ್ನೂ ನೋಡಿದ್ದೇವೆ. ಬಿರುಬೇಸಿಗೆ. ತಮ್ಮ ಬದುವು ಹಾಕಿಸುತ್ತ ಇಡೀ ದಿನ ಬಿಸಿಲಲ್ಲಿ ನಿಂತಿದ್ದ. ಸೊಂಟ ನೋವು ಬಂತು. ಊರ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಟ್ಟರು. ಮೇಲಿಂದ ಭೇದಿ ಶುರುವಾಯಿತು. ಅವನ ಹೆಂಡತಿ ಫೋನ್ ಮಾಡಿದಳು. ‘ಅಕ್ಕಾರ, ಇವ್ರ ಕೈ ಭಾಳ ನಡಗಾಕತ್ತಾವ್ರಿ. ಮಾತು ತೊದಲಾಕತ್ತೈತಿ. ಮಂದಿ ಕುಡದಾನ ಅನ್ನಾಕತ್ತಾರ್ರಿ.’ ಅವನು ಕುಡಿಯುವವನೇ ಅಲ್ಲ. ಕೂಡಲೇ ಮಾತ್ರೆ ನಿಲ್ಲಿಸಿ ಗಾಡಿ ಮಾಡಿಕೊಂಡು ಬಾ ಅಂದೆ. ಗದಗದಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ಸಲೈನ್ ಹಾಕಿದರು, ರಕ್ತದ ಮಟ್ಟ ಇಳಿಯುವವರೆಗೆ ಇಟ್ಟುಕೊಂಡರು. ಉಳಿದ.

ಯಾಕೆ ಹೀಗಾಗುತ್ತದೆ? ಸೋಡಿಯಂ, ಲಿಥಿಯಂ ಎರಡೂ ಒಂದೇ ಗುಂಪಿನ ಧಾತುಗಳು. ಕಿಡ್ನಿ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತದೆ. ಬೆವರು, ವಾಂತಿ, ಭೇದಿಯಿಂದ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಸೋಡಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳೂ, ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ನೋವಿನ ಮಾತ್ರೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಉಪವಾಸ, ವ್ರತ ಅಂತ ನೀರೂ ಕುಡಿಯದೆ ಇರುವವರಿದ್ದಾರೆ. ಮೆಡಿಕಲ್ ಶಾಪಿನವರಲ್ಲಿ ನನ್ನದೊಂದು ಕೋರಿಕೆ. ನೋವಿನ ಮಾತ್ರೆ ಕೊಡುವಾಗ ‘ಬೇರೆ ಏನರೆ ಮಾತ್ರೆ ತಗೋತೀರೇನ್ರಿ?’ ಅಂತ ಒಂದು ಮಾತು ಕೇಳಿ. ಲಿಥಿಯಂ ಅಂದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಇಷ್ಟೆಲ್ಲ ಅಪಾಯ ಇದ್ದರೆ ಬಿಟ್ಟುಬಿಡಬಾರದೇ ಅಂತ ಓದುಗರು ಕೇಳಬಹುದು. ಬಿಡಬಾರದು. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚು. ಅದನ್ನು ಕಡಿಮೆ ಮಾಡುತ್ತದೆ ಅನ್ನಲು ಲಿಥಿಯಂಗೆ ಇರುವಷ್ಟು ಆಧಾರ ಈ ಕಾಯಿಲೆಯ ಬೇರೆ ಯಾವ ಮಾತ್ರೆಗೂ ಇಲ್ಲ. ಎಲ್ಲರಿಗೂ ಅದು ಒಗ್ಗುವುದಿಲ್ಲ ನಿಜ. ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ದಾರಿ ನೋಡಬೇಕಾಗುತ್ತದೆ, ವಾಲ್ಪ್ರೊಯೇಟ್, ಕ್ವೆಟಿಯಾಪಿನ್, ಲಾಮೊಟ್ರಿಜಿನ್ ಹೀಗೆ. ಆದರೆ ಒಬ್ಬ ಮನೋವೈದ್ಯರು ನನ್ನ ಹತ್ತಿರ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ‘ಲಿಥಿಯಂ ಕೊಟ್ಟರೆ ಒಳ್ಳೆಯದಾಗುತ್ತದೆ ಅಂತ ಗೊತ್ತಿರುತ್ತದೆ ಮೇಡಂ. ಆದರೆ ಹಳ್ಳಿಯಿಂದ ಬಂದವರು ರಕ್ತ ಪರೀಕ್ಷೆಗೆ ಮರಳಿ ಬರುತ್ತಾರೆ ಅಂತ ನಂಬಿಕೆ ಇರುವುದಿಲ್ಲ. ಬೇರೆ ಮಾತ್ರೆ ಬರೆದುಬಿಡುತ್ತೇವೆ.’ ಪರೀಕ್ಷೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ರೋಗಿಗೆ ಎರಡನೆಯ ಆಯ್ಕೆ ಸಿಗುತ್ತಿದೆ. ಹರೆಯದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ವಾಲ್ಪ್ರೊಯೇಟ್ ತೆಗೆದುಕೊಳ್ಳುವಾಗ ಬಸಿರಾದರೆ ಹೊಟ್ಟೆಯ ಕೂಸಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಲಿಥಿಯಂಗೂ ಬಸಿರಿನಲ್ಲಿ ಎಚ್ಚರ ಬೇಕು, ಆದರೆ ಇಷ್ಟಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ 100 ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಸಿಕ್ಕ ಉಳಿದವರಾದರೂ ಸರಿಯಾದ ಚಿಕಿತ್ಸೆ ಪಡೆಯಬೇಡವೇ?

ನಾನು ಕೇಳುತ್ತಿರುವುದು ದೊಡ್ಡ ಆಸ್ಪತ್ರೆಯಲ್ಲ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇದೆ, ಈಗ ಡಿಮ್ಹಾನ್ಸ್ ಆಗಿದೆ. ಗದಗಕ್ಕೂ ಹಾವೇರಿಗೂ ಸರಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಮನಸ್ಸಿನ ಚಿಕಿತ್ಸೆಯನ್ನು ತಾಲೂಕಿಗೆ, ಹಳ್ಳಿಗೆ ಒಯ್ಯಬಹುದು ಅಂತ 1980ರ ದಶಕದಲ್ಲಿ ದೇಶಕ್ಕೇ ತೋರಿಸಿಕೊಟ್ಟದ್ದು ಆಗ ಪಕ್ಕದಲ್ಲಿದ್ದ ಬಳ್ಳಾರಿ ಜಿಲ್ಲೆ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಯುತ್ತಿರುವುದು ಬಳ್ಳಾರಿಯ ಮಾದರಿಯಲ್ಲೇ. ಅಂದರೆ ದಾರಿ ಈಗಾಗಲೇ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಬೆಳಿಗ್ಗೆಯೇ ಲಿಥಿಯಂ ತೆಗೆದುಕೊಳ್ಳುವವರ ರಕ್ತವನ್ನು ಸಾದಾ ಟ್ಯೂಬಿನಲ್ಲಿ ತೆಗೆಯಲಿ. ಜಿಲ್ಲಾ ಲ್ಯಾಬಿಗೆ ಹೋಗುವ ಬೇರೆ ಮಾದರಿಗಳ ಜೊತೆಗೇ ಕಳಿಸಲಿ. ಜಿಲ್ಲಾ ಲ್ಯಾಬಿನಲ್ಲಿ ಪುಕ್ಕಟೆ ಪರೀಕ್ಷೆ ಆಗಲಿ, ಫಲಿತಾಂಶ ಫೋನಿನಲ್ಲಿ ತಿಳಿಸಲಿ. ಮಾತ್ರೆಯೂ ಖಾಲಿಯಾಗದಂತೆ ನೋಡಿಕೊಳ್ಳಲಿ. ಕೇಂದ್ರ ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವ ಮಾತ್ರೆ ಅದು. ಒಮ್ಮೊಮ್ಮೆ ‘ಮುಂದಿನ ವಾರ ಬರ್ರಿ’ ಅಂತ ಕಳಿಸಿಬಿಡುತ್ತಾರೆ. ಲಿಥಿಯಂ ತಟ್ಟನೆ ನಿಂತರೆ ಏನಾಗುತ್ತದೆ ಅಂತ ಶೌ 1970ರಲ್ಲೇ ತೋರಿಸಿದ್ದಾರಲ್ಲ.

ನಿಮ್ಮ ಪತ್ರಿಕೆಗೂ ಒಂದು ಮಾತು. ಮುಂದಿನ ಸಲ ಈ ಕಾಯಿಲೆಯ ಬಗ್ಗೆ ಬರೆಯುವಾಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಪತ್ರ ಓದಿದರೆ ರೋಣ, ಮುಂಡರಗಿ, ನರಗುಂದ, ಶಿರಹಟ್ಟಿ, ಗಜೇಂದ್ರಗಡ, ಲಕ್ಷ್ಮೇಶ್ವರ ತಾಲೂಕುಗಳಲ್ಲಿ ಎಷ್ಟು ಜನ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ, ಅವರಲ್ಲಿ ಎಷ್ಟು ಜನರ ರಕ್ತ ಪರೀಕ್ಷೆ ಕಳೆದ ಆರು ತಿಂಗಳಲ್ಲಿ ಆಗಿದೆ ಅಂತ ಮೊದಲು ಲೆಕ್ಕ ತೆಗೆಸಲಿ. ಆ ಲೆಕ್ಕವನ್ನು ನಿಮ್ಮ ಪತ್ರಿಕೆಯಲ್ಲೇ ಪ್ರಕಟಿಸಲಿ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕಿ, ಬೆಟಗೇರಿ